ಬೆರಳಾಡುವಷ್ಟು ಜಾಗ

“ಗುರುಗಳೇ, ನೀವು ನನಗೆ ಕೊಟ್ಟದ್ದನ್ನೆಲ್ಲ ನಾನು ಹೇಗೆ ತೀರಿಸಲಿ?”

ಶಾಂತವೀರ ಈ ಪ್ರಶ್ನೆ ಕೇಳಿದ್ದು ಮಾಗಿಯ ಒಂದು ಬೆಳಿಗ್ಗೆ, ಗುರುಗಳ ಕಾಲಿಗೆ ಬಿಸಿ ಎಣ್ಣೆ ತಿಕ್ಕುತ್ತಾ. ಪಕ್ಕದಲ್ಲಿ ಬಿಸಿನೀರಿನ ತಂಬಿಗೆ ಇತ್ತು, ಮಡಿಸಿದ ಕಂಬಳಿ ಇತ್ತು. ತಂದೆತಾಯಿ ಇಲ್ಲದೆ ಮಠದ ಬಾಗಿಲಿಗೆ ಬಂದವನು ಅವನು. ಅನ್ನ, ಅಕ್ಷರ, ಅರಿವು ಮೂರೂ ಅಲ್ಲಿಯೇ ಸಿಕ್ಕಿದ್ದವು. ಸೋಮವಾರ ಒಪ್ಪೊತ್ತು ಉಂಡರೆ ದೇಹಕ್ಕೆ ಹಗುರ ಎಂದು ಗುರುಗಳು ಯಾವಾಗಲೋ ಹೇಳಿದ್ದರು, ಅದನ್ನು ಹಿಡಿದಿದ್ದ. ಮಾತು ಸ್ವಲ್ಪ ಕಡಿಮೆ ಮಾಡು ಎಂದಿದ್ದರು, ಗುರುವಾರ ಪೂರ್ತಿ ಮೌನ ಹಿಡಿದಿದ್ದ. ಒಮ್ಮೆ ಸಾರಿಗೆ ಹುಳಿ ಹೆಚ್ಚಾಯಿತು ಎಂದು ಗೊಣಗಿದ್ದರು. ಅಂದಿನಿಂದ ಹುಳಿಯನ್ನೇ ಬಿಟ್ಟಿದ್ದ.

ಬೆಳಕು ಹರಿಯುವ ಮೊದಲೇ ಒಬ್ಬ ಗಾಡಿಯವನು ಬಂದು ಮಠದ ಜಗುಲಿಯ ಮೇಲೆ ಕೂತಿದ್ದ. ಗುರುಗಳನ್ನು ಕಾಣಬೇಕು ಎಂದಿದ್ದ. “ಪಾದಸೇವೆ ಮುಗಿಯಲಿ, ಆಮೇಲೆ ನೋಡೋಣ” ಎಂದು ಹೇಳಿ ಶಾಂತವೀರ ಬಾಗಿಲು ಮುಂದೆ ಮಾಡಿಕೊಂಡು ಒಳಗೆ ಬಂದಿದ್ದ. ಆಗಾಗ ಅವನ ಕೆಮ್ಮು ಒಳಗೆ ಕೇಳಿಸುತ್ತಿತ್ತು.

ಗುರುಗಳು ಕಾಲು ಬದಲಿಸಿದರು. “ಇನ್ನೊಂದು ಕಾಲು ಹಿಡಿ. ಒತ್ತುತ್ತಾ ಕೇಳು” ಎಂದು ಹೇಳಿ ಕತೆ ಶುರು ಮಾಡಿದರು.

ಬಡಗಣ ಬೆಟ್ಟಗಳಲ್ಲಿ ಒಂದು ಊರಿತ್ತು. ಎಲ್ಲಿ ಎಂದು ಕೇಳಬೇಡ, ನಾನೂ ನೋಡಿದವನಲ್ಲ. ಊರಿನ ಮೇಲುಗಡೆ ಒಂದು ಕಣಿವೆದಾರಿ. ಅದನ್ನು ದಾಟಿದರೆ ಆಚೆಯ ಸೀಮೆ. ಉಪ್ಪು ಬರಬೇಕಾದರೂ ಅದೇ ದಾರಿ, ಮದ್ದು ಬರಬೇಕಾದರೂ ಅದೇ ದಾರಿ, ಹೆಣ್ಣು ಕೊಟ್ಟು ತರಬೇಕಾದರೂ ಅದೇ ದಾರಿ. ಚಳಿಗಾಲದಲ್ಲಿ ಅಲ್ಲಿ ಹಿಮ ಬೀಳುತ್ತಿತ್ತು. ಆ ಚಳಿಯ ಮುಂದೆ ನಮ್ಮ ಮಾಗಿಯ ಚಳಿ ಏನೂ ಅಲ್ಲ. ನಿನ್ನೆ ನೀನು ಎರಡು ಕಂಬಳಿ ಹೊದ್ದು ಮುದುಡಿಕೊಂಡದ್ದನ್ನು ನೋಡಿದೆ, ಅದಕ್ಕೆ ಹೇಳಿದೆ.

ಹಿಮ ಬಿದ್ದ ಮೇಲೆ ದಾರಿ ಯಾವುದು, ಕೊರಕಲು ಯಾವುದು ಎಂದು ತಿಳಿಯುವುದಿಲ್ಲ. ಅದಕ್ಕಾಗಿ ಊರಿನವರು ಕಣಿವೆಯ ಮೇಲೆ ಒಬ್ಬ ಕಾವಲುಗಾರನನ್ನು ಇಟ್ಟಿದ್ದರು. ಅವನು ಬೆಳಕಾದಾಗ ಹತ್ತಬೇಕು, ಕತ್ತಲಾಗುವ ಮೊದಲು ಇಳಿಯಬೇಕು. ಮಂಜು ಕವಿದರೆ ಕೊಂಬು ಊದಬೇಕು. ದಾರಿಹೋಕರು ಬಂದರೆ ಅವರ ಮುಂದೆ ನಡೆಯಬೇಕು. ಕೋಲಿನಿಂದ ಚುಚ್ಚಿ, ಪಾದದಿಂದ ತುಳಿದು, ಕೆಳಗೆ ಗಟ್ಟಿ ನೆಲವಿದೆಯೇ ಎಂದು ನೋಡಿ ದಾಟಿಸಬೇಕು. ಮೇಲೆ ಒಂದು ಕಲ್ಲಿನ ಕೋಣೆ ಇತ್ತು. ಆದರೆ ಅದರೊಳಗೆ ಕೂತರೆ ದಾರಿ ಕಾಣದು. ಹಾಗಾಗಿ ದಿನವೆಲ್ಲ ಹಿಮದ ಮೇಲೆಯೇ ನಿಲ್ಲಬೇಕು. ಆ ಕೆಲಸಕ್ಕೆ ಕಣ್ಣು ಬೇಕು, ಕಿವಿ ಬೇಕು. ಎಲ್ಲಕ್ಕಿಂತ ಮೊದಲು ಕಾಲು ಬೇಕು.

ಒಂದು ವರ್ಷ ಹೊಸದಾಗಿ ಸೇರಿದ ಕಾವಲುಗಾರ ಆ ಊರಿನವನಲ್ಲ. ಎಲ್ಲಿಂದಲೋ ಕುರಿಮಂದೆಯ ಹಿಂದೆ ಬಂದವನು. ಅಲ್ಲಿ ಜ್ವರ ಹಿಡಿದು ಮಲಗಿದ. ಮಂದೆ ಮುಂದೆ ಹೋಯಿತು, ಅವನು ಉಳಿದ. ಊರಿನವರು ಅವನಿಗೆ ಗಂಜಿ ಕುಡಿಸಿ ಬದುಕಿಸಿದರು. ಮಲಗಲು ಮನೆ ಕೊಟ್ಟರು, ಕೆಲಸ ಕೊಟ್ಟರು. ಅಲ್ಲಿಯ ಹುಡುಗಿಯೊಬ್ಬಳು ಅವನನ್ನು ಮೆಚ್ಚಿ ಮದುವೆಯೂ ಆದಳು. ನನ್ನವರು ಎನ್ನಲು ಯಾರೂ ಇಲ್ಲದಿದ್ದವನಿಗೆ ಒಂದು ಊರೇ ಸಿಕ್ಕಿತು. ಅವನು ಅದನ್ನು ಒಂದು ದಿನವೂ ಮರೆಯಲಿಲ್ಲ.

ಆ ಊರಿನಲ್ಲಿ ಒಂದು ಪದ್ಧತಿ ಇತ್ತು. ಕಣಿವೆ ದಾಟಿಸಿದವನ ಕೈಗೆ ಯಾರೂ ದುಡ್ಡು ಕೊಡುವುದಿಲ್ಲ. ಯಾರ ಮನೆಯವರು ಕ್ಷೇಮವಾಗಿ ಮನೆ ಸೇರಿದರೋ ಆ ಮನೆಯ ಹೆಂಗಸು ಅವನಿಗೆ ಒಂದು ಜೊತೆ ಉಣ್ಣೆಯ ಕಾಲುಚೀಲ ಹೆಣೆದು ಕೊಡುತ್ತಾಳೆ. ಮನೆಗೊಂದು ಬಣ್ಣದ ಅಂಚು. ಒಬ್ಬರದು ಕೆಂಪು, ಒಬ್ಬರದು ಅರಿಸಿನ, ಇನ್ನೊಬ್ಬರದು ನೀಲಿ ಬಿಳಿ ಪಟ್ಟೆ. ಬೆಳಿಗ್ಗೆ ಅವನು ಕಣಿವೆಗೆ ಹೊರಟಾಗ ಚರ್ಮದ ಜೋಡಿನ ಬಾಯಿಯ ಮೇಲೆ ಆ ಅಂಚು ಕಾಣಬೇಕು. ಹೆಂಗಸರು ಅಂಗಳ ಗುಡಿಸುವ ನೆವದಲ್ಲಿ ಹೊರಗೆ ನಿಂತು ಅದನ್ನೇ ನೋಡುತ್ತಿದ್ದರು. ತಮ್ಮ ಬಣ್ಣ ಕಂಡರೆ ಸರಿ. ಕಾಣದಿದ್ದರೆ ಆ ದಿನ ಆ ಮನೆಯ ಅಡಿಗೆಯಲ್ಲಿ ಉಪ್ಪು ಹೆಚ್ಚಾಗುತ್ತಿತ್ತು.

ಅವನಿಗೆ ಮೊದಲ ಜೊತೆ ಕೊಟ್ಟವಳು ಒಬ್ಬ ಮುದುಕಿ. ಅವಳ ಮಗನನ್ನು ಅವನು ಮಂಜಿನಲ್ಲಿ ಕೈಹಿಡಿದು ದಾಟಿಸಿದ್ದ. ಕೆಂಪು ಅಂಚಿನ ಆ ಕಾಲುಚೀಲ ಹಾಕಿಕೊಂಡ ದಿನ ಅವನು ಅತ್ತ. ಅದುವರೆಗೆ ಅವನ ಕಾಲಿನ ಅಳತೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಯಾರೂ ಏನನ್ನೂ ಹೆಣೆದಿರಲಿಲ್ಲ. ಆ ಚಳಿಗಾಲ ಅವನ ಕಾಲು ಬೆಚ್ಚಗಿತ್ತು.

ಆಮೇಲೆ ಇನ್ನೊಂದು ಮನೆಯಿಂದ ಬಂತು. ಮತ್ತೊಂದು ಮನೆಯಿಂದ ಬಂತು. ಅವನು ಒಂದರ ಮೇಲೊಂದು ಹಾಕಿಕೊಂಡ. ಯಾರದನ್ನು ಬಿಡುವುದು? ಗಂಜಿ ಕುಡಿಸಿದವರದ್ದೇ? ಮನೆ ಕೊಟ್ಟವರದ್ದೇ? ಹೆಂಡತಿಯ ತವರಿನವರದ್ದೇ? ಒಂದನ್ನೂ ಬಿಡಲಿಲ್ಲ. ಒಳಗಿನದರ ಅಂಚು ಹೊರಗಿನದರ ಅಂಚಿಗಿಂತ ಒಂದಿಷ್ಟು ಮೇಲೆ ಬರುವ ಹಾಗೆ ಎಳೆದು ಎಳೆದು ಹಾಕಿಕೊಳ್ಳುತ್ತಿದ್ದ. ಬೆಳಿಗ್ಗೆ ಅವನು ನಡೆದು ಬಂದರೆ ಊರಿನ ಅಷ್ಟೂ ಬಣ್ಣ ಅವನ ಕಣಕಾಲಿನ ಮೇಲೆ ಇರುತ್ತಿತ್ತು. ಹೆಂಗಸರು ಸಂತೋಷಪಟ್ಟರು. ಅವನೂ ಸಂತೋಷಪಟ್ಟ. ಕಾಲು ಮಾತ್ರ ತಣ್ಣಗಾಗುತ್ತಾ ಬಂತು.

ಅವನು ತಪ್ಪು ಜೋಡಿನದು ಎಂದುಕೊಂಡ. ಮಳೆಗಾಲ ಮುಗಿದ ಮೇಲೆ ಕೆಳಗಿನ ಸೀಮೆಯಿಂದ ಜೋಡು ಹೊಲಿಯುವವನು ಬಂದು ಊರಬಾಗಿಲಲ್ಲಿ ಹೊಸ ಜೋಡುಗಳನ್ನು ಹರಡಿದ. ಕಾವಲುಗಾರ ಬೆಳಿಗ್ಗೆಯೇ ಹೋಗಿ, ಒಳಗೆ ಕುರಿಯ ತುಪ್ಪಳ ಇದ್ದ, ದಪ್ಪ ಅಟ್ಟೆಯ ಜೋಡೊಂದನ್ನು ಬರಿಗಾಲಿಗೆ ಹಾಕಿ ನೋಡಿದ. ಅಚ್ಚುಕಟ್ಟಾಗಿ ಕೂತಿತು.

“ಸಂಜೆ ಬಾರಪ್ಪಾ” ಎಂದ ಜೋಡಿನವನು. “ದಿನವೆಲ್ಲ ನಿಂತ ಕಾಲು ಊದಿರುತ್ತೆ. ಆಗ ಕಾಲುಚೀಲ ಹಾಕ್ಕೊಂಡು ಬಂದು ನೋಡು. ಮುಂದೆ ಬೆರಳು ಆಡೋಕೆ ಒಂದಿಷ್ಟು ಜಾಗ ಇರ್ಬೇಕು.”

“ಜಾಗ ಬಿಟ್ಟರೆ ಅದರೊಳಗೆ ಚಳಿ ಬಂದು ಕೂರುತ್ತೆ” ಎಂದ ಕಾವಲುಗಾರ. ಜೋಡಿನವನು ಜೋಡನ್ನು ಕಟ್ಟಿಕೊಟ್ಟು ದುಡ್ಡು ಎಣಿಸಿಕೊಂಡ. ಕೊಳ್ಳುವವನ ಜೊತೆ ವಾದ ಮಾಡಿ ಬದುಕಿದ ವ್ಯಾಪಾರಿ ಯಾರಿದ್ದಾನೆ?

ಚಳಿಗಾಲ ಬಂತು. ಆ ಜೋಡಿನೊಳಗೆ ಅವನ ಕಾಲು ಮತ್ತು ಊರಿನ ಕಾಲುಚೀಲಗಳು ಎಲ್ಲ ಹೋಗಬೇಕಿತ್ತು. ಅವನು ಗೋಡೆಗೆ ಒರಗಿ ಕೂರುತ್ತಿದ್ದ. ಹೆಂಡತಿ ಎದುರು ಕೂತು, ಅಟ್ಟೆಗೆ ಎರಡೂ ಕೈ ಕೊಟ್ಟು ನೂಕುತ್ತಿದ್ದಳು. ಗಂಡಹೆಂಡತಿ ಇಬ್ಬರೂ ಬೆವರಿದ ಮೇಲೆ ಕಾಲು ಒಳಗೆ ಹೋಗುತ್ತಿತ್ತು. ಬೆಟ್ಟ ಹತ್ತುವ ಮೊದಲೇ ಅವನಿಗೆ ಅರ್ಧ ದಿನದ ಆಯಾಸ. ಬಿಗಿದು ಕಟ್ಟಿದ ಕಾಲಿನಲ್ಲಿ ರಕ್ತ ಓಡಾಡುವುದು ಹೇಗೆ? ಜೋಡು ಬಿಸಿಯನ್ನು ಹುಟ್ಟಿಸುವುದಿಲ್ಲ. ಬಿಸಿ ಕಾಲಿನದು. ಜೋಡು ಅದನ್ನು ಹೊರಗೆ ಹೋಗದ ಹಾಗೆ ಕಾಯುತ್ತದೆ, ಅಷ್ಟೇ. ಒಳಗೆ ಬಿಸಿಯೇ ಇಲ್ಲದಿದ್ದರೆ ಏನನ್ನು ಕಾಯಬೇಕು?

ಮೊದಲು ಬೆರಳುಗಳು ಜುಮ್ಮೆಂದವು. ಕೆಲವು ದಿನಗಳ ಮೇಲೆ ಜುಮ್ಮೆನ್ನುವುದೂ ನಿಂತಿತು. ನೋವು ಹೋಯಿತು ಎಂದು ಅವನು ಸಮಾಧಾನಪಟ್ಟುಕೊಂಡ.

ಹೊರಗೆ ಗಾಡಿಯವನು ಕೆಮ್ಮಿದ. ಗುರುಗಳು ಮಾತು ನಿಲ್ಲಿಸಿ ಬಾಗಿಲಿನ ಕಡೆ ನೋಡಿದರು. ಶಾಂತವೀರ ಕೈ ನಿಲ್ಲಿಸಲಿಲ್ಲ.

“ಆಮೇಲೆ, ಗುರುಗಳೇ?” ಎಂದ.

ಆಮೇಲೆ ಒಂದು ದಿನ ಮಂಜು ಕವಿಯಿತು. ಕೆಂಪು ಅಂಚಿನ ಮುದುಕಿ ಆಚೆಯ ಸೀಮೆಯಲ್ಲಿ ಮಗಳ ಬಾಣಂತನ ಮುಗಿಸಿಕೊಂಡು ಮನೆಗೆ ಹೊರಟಿದ್ದಳು. ಕಾವಲುಗಾರ ಅವಳನ್ನು ಹಿಂದೆ ಬರಲು ಹೇಳಿ ತಾನು ಮುಂದೆ ನಡೆದ. ಕೋಲಿನಿಂದ ಚುಚ್ಚಿದ, ಸರಿಯಿತ್ತು. ಕಾಲಿನಿಂದ ತುಳಿದ. ಕಾಲಿಗೆ ಏನು ಸಿಕ್ಕಿತು ಎಂದು ಅವನಿಗೆ ತಿಳಿಯಲಿಲ್ಲ. ತಿಳಿಯಬೇಕಾದ ಬೆರಳುಗಳು ಇದ್ದೂ ಇಲ್ಲದ ಹಾಗಿದ್ದವು. ನೆಲವೆಂದು ಊರಿದ ಹೆಜ್ಜೆ ಕೊರಕಲಿನ ಅಂಚಿಗೆ ಬಿತ್ತು. ಅವನು ಎದೆಮಟ್ಟ ಹಿಮದಲ್ಲಿ ಇಳಿದುಹೋದ. ಮುದುಕಿ ಅವನ ಹೆಜ್ಜೆಯನ್ನು ನಂಬಿ ತನ್ನ ಕಾಲು ಎತ್ತಿದ್ದಳು. ಹೇಗೋ ತಡೆದಳು. ತಡೆಯದಿದ್ದರೆ ಅವಳೂ ಹೋಗುತ್ತಿದ್ದಳು.

ಅವಳು ಹಿಮದ ಮೇಲೆ ಬೋರಲು ಮಲಗಿ, ಅವನ ಕೈಯಿಂದ ಜಾರಿ ಬಿದ್ದ ಕೋಲನ್ನೇ ಅವನ ಕಡೆಗೆ ಚಾಚಿದಳು. ಅವನು ಅದನ್ನು ಹಿಡಿದು ಮೇಲೆ ಬಂದ. ಇಬ್ಬರೂ ತೆವಳಿಕೊಂಡು ಕಲ್ಲಿನ ಕೋಣೆ ಸೇರಿದರು.

ಅವಳು ಮೊದಲು ಅವನ ಜೋಡು ಕೀಳಲು ಹೋದಳು. ಬರಲಿಲ್ಲ. ಗೋಡೆಗೆ ಕಾಲು ಕೊಟ್ಟು ಎಳೆದಳು. ಬಂತು. ಆಮೇಲೆ ಕಾಲುಚೀಲ ಬಿಚ್ಚುತ್ತಾ ಹೋದಳು. ನೀಲಿ ಬಿಳಿ ಪಟ್ಟೆ. ಇದು ಊರಬಾಗಿಲ ಮನೆಯವಳದು. ಅರಿಸಿನ. ಇದು ನೇಗಿಲು ಮಾಡುವವನ ಹೆಂಡತಿಯದು. ಹಸಿರು, ಅವಳ ನಾದಿನಿಯದು. ಪ್ರತಿಯೊಂದನ್ನೂ ಅವಳು ಹೆಸರು ಹಿಡಿದು ಬಿಚ್ಚಿದಳು. ಎಲ್ಲಕ್ಕಿಂತ ಒಳಗೆ, ಬೆವರಿನಿಂದ ನೆನೆದು, ಚರ್ಮಕ್ಕೆ ಅಂಟಿಕೊಂಡು, ಅವಳದೇ ಕೆಂಪು ಅಂಚು ಇತ್ತು. ಅದರೊಳಗಿನ ಕಾಲು ಸುಣ್ಣದ ಹಾಗೆ ಬಿಳಿಚಿತ್ತು.

“ಊರನ್ನೆಲ್ಲ ಕಾಲಿಗೆ ತುರುಕಿಕೊಂಡು ಬಂದಿದ್ದೀಯಲ್ಲೋ!” ಎಂದಳು. “ನಿನ್ನ ಕಾಲಿಗೆ ಜಾಗ ಎಲ್ಲೋ ಮಗನೇ?”

“ಯಾರದನ್ನು ಬಿಡಲಿ ಅಜ್ಜಿ? ಯಾರದನ್ನು ಬಿಟ್ಟರೂ ಉಂಡ ಮನೆಯನ್ನು ಮರೆತ ಹಾಗೆ.”

“ನಾನು ಹೆಣೆದದ್ದು ನಿನ್ನ ಕಾಲು ಬೆಚ್ಚಗಿರಲಿ ಅಂತ. ನನ್ನ ಅಂಚು ನಾಲ್ಕು ಜನಕ್ಕೆ ಕಾಣಲಿ ಅಂತಲ್ಲ.” ಕೆಂಪು ಅಂಚನ್ನು ಬೆರಳಿನಿಂದ ಸವರಿ ಮತ್ತೆ ಹೇಳಿದಳು: “ಸುಳ್ಳು ಯಾಕೆ ಹೇಳಲಿ, ಕಾಣಲಿ ಅಂತಲೂ ಒಂದಿಷ್ಟು ಇತ್ತು.”

ಅವಳು ಅವನ ಪಾದಗಳನ್ನು ಉಜ್ಜಲಿಲ್ಲ. ತನ್ನ ಕಂಬಳಿಯೊಳಗೆ ಎಳೆದುಕೊಂಡು ಹೊಟ್ಟೆಗೆ ಅವುಚಿ ಹಿಡಿದು ಕೂತಳು. ತಣ್ಣನೆಯ ಪಾದ ತಾಗಿ ಅವಳ ಹಲ್ಲು ಕಟಕಟ ಎಂದವು. ಆದರೂ ಬಿಡಲಿಲ್ಲ. ಬಹಳ ಹೊತ್ತಾದ ಮೇಲೆ ಅವನು ನೋವಿನಿಂದ ಕೂಗಿಕೊಂಡ. ಮುದುಕಿಯ ಮುಖ ಅರಳಿತು. “ನೋವಾಯ್ತೇ? ಹಾಗಾದ್ರೆ ಕಾಲು ಉಳೀತು” ಎಂದಳು. ಅವನು ನೋವಿನಿಂದ ಅಳುತ್ತಿದ್ದನೋ, ಇನ್ನೇನಕ್ಕೋ, ಅವನಿಗೇ ಗೊತ್ತಾಗಲಿಲ್ಲ.

ಮಂಜು ಇನ್ನೂ ಹಾಗೇ ಇತ್ತು. ಅವನು ಏಳುವ ಸ್ಥಿತಿಯಲ್ಲಿರಲಿಲ್ಲ. ಮುದುಕಿಯೇ ಕೊಂಬು ತೆಗೆದುಕೊಂಡು ಬಾಗಿಲಲ್ಲಿ ನಿಂತು ಊದಿದಳು. ಚೆನ್ನಾಗಿ ಊದಿದಳು ಎಂದು ನಾನು ಹೇಳಲಾರೆ. ಆದರೆ ಕೇಳಬೇಕಾದವನಿಗೆ ಕೇಳಿಸಿತು. ಆಚೆಯಿಂದ ಬರುತ್ತಿದ್ದ ಒಬ್ಬ ಉಪ್ಪಿನ ವ್ಯಾಪಾರಿ ಆ ದನಿಯನ್ನು ಹಿಡಿದುಕೊಂಡು ಕೋಣೆಗೆ ಬಂದು ಬಿದ್ದ. ಅವನ ಜೋಡು ಹರಿದಿತ್ತು. ಕಾಲಿಗೆ ಗೋಣಿ ಸುತ್ತಿಕೊಂಡಿದ್ದ. ಗೋಣಿ ನೆನೆದು ಹೆಪ್ಪುಗಟ್ಟಿತ್ತು.

ಕಾವಲುಗಾರ ವ್ಯಾಪಾರಿಯ ಕಾಲು ನೋಡಿದ. ಪಕ್ಕದಲ್ಲಿ ಬಿದ್ದಿದ್ದ ಕಾಲುಚೀಲಗಳ ರಾಶಿ ನೋಡಿದ. ಎಲ್ಲ ತನಗೆಂದು ಕೊಟ್ಟವು. ತನಗೆ ಕೊಟ್ಟದ್ದನ್ನು ಇನ್ನೊಬ್ಬರಿಗೆ ಕೊಡುವುದು ಆ ಊರಿನಲ್ಲಿ ಯಾರೂ ಮಾಡದ ಕೆಲಸ. ಅವನು ಮುದುಕಿಯ ಮುಖ ನೋಡಿದ. ಅವಳು ಬೇಕೆಂದೇ ಬೇರೆ ಕಡೆ ನೋಡುತ್ತಿದ್ದಳು. ಅವನು ಒಣಗಿದ್ದ ಒಂದು ಜೊತೆ ಎತ್ತಿ ವ್ಯಾಪಾರಿಗೆ ಕೊಟ್ಟ. ಅದು ನೀಲಿ ಬಿಳಿ ಪಟ್ಟೆಯದು.

ತಾನು ಅರಿಸಿನ ಅಂಚಿನದನ್ನು ಹಾಕಿಕೊಂಡ. ಅದೊಂದನ್ನೇ. ಜೋಡಿನೊಳಗೆ ಕಾಲಿಟ್ಟ. ಯಾರೂ ನೂಕದೆ ಕಾಲು ಒಳಗೆ ಹೋಯಿತು. ಬೆರಳು ಅಲುಗಿಸಿ ನೋಡಿದ. ಆಡಿದವು. ಸ್ವಲ್ಪ ಹೊತ್ತಿಗೆ ಆ ಖಾಲಿ ಜಾಗವೇ ಬೆಚ್ಚಗಾಯಿತು. ಕಾಲಿಗೆ ಬಲ ಬಂದ ಮೇಲೆ ಅವನು ಕೋಲು ಹಿಡಿದು ಎದ್ದು, ಮುದುಕಿಯನ್ನೂ ವ್ಯಾಪಾರಿಯನ್ನೂ ಹಿಂದಿಟ್ಟುಕೊಂಡು ಮೆಲ್ಲಗೆ ಊರಿಗೆ ಇಳಿದ. ಪಾದದ ಕೆಳಗೆ ನೆಲ ಸಿಕ್ಕಾಗಲೆಲ್ಲ ಅದು ಅವನಿಗೆ ತಿಳಿಯುತ್ತಿತ್ತು.

ಮರುದಿನ ವ್ಯಾಪಾರಿ ಉಪ್ಪು ಮಾರುತ್ತಾ ಊರಬಾಗಿಲ ಮನೆಯ ಮುಂದೆ ಬಂದ. ಆ ಮನೆಯಾಕೆ ಪೊರಕೆ ಹಿಡಿದು ಅಂಗಳದಲ್ಲಿದ್ದಳು. ಯಾರೋ ಪರವೂರಿನವನ ಕಾಲಿನಲ್ಲಿ ತನ್ನ ನೀಲಿ ಬಿಳಿ ಪಟ್ಟೆ ಕಂಡಿತು. ಅವಳ ಪಿತ್ತ ನೆತ್ತಿಗೇರಿತು.

“ಏನಯ್ಯಾ, ಆ ಕಾಲುಚೀಲ ನಿನಗೆಲ್ಲಿ ಸಿಕ್ಕಿತು?”

“ಕಣಿವೆ ಮೇಲೆ ಕಾವಲಿನವರು ಕೊಟ್ರು ತಾಯಿ. ಇದಿಲ್ಲದಿದ್ರೆ ಈ ಕಾಲು ನನಗೆ ಉಳೀತಿರಲಿಲ್ಲ. ಮನೇಲಿ ಮೂರು ಮಕ್ಕಳು, ಈ ಕಾಲು ನಡೆದರೇನೇ ಅವರಿಗೆ ಊಟ. ಹೆಣೆದ ಪುಣ್ಯಾತ್ಗಿತ್ತಿ ಯಾರೋ ಗೊತ್ತಿಲ್ಲ. ಅವಳ ಹೊಟ್ಟೆ ತಣ್ಣಗಿರಲಿ.”

ಬೈಯಲು ಬಂದವಳು ಪೊರಕೆ ಹಿಡಿದು ಹಾಗೇ ನಿಂತಳು. ತನ್ನ ಗಂಡ ಕಳೆದ ಚಳಿಗಾಲದಲ್ಲಿ ಅದೇ ಕಣಿವೆಯಿಂದ ಬದುಕಿ ಬಂದದ್ದು ನೆನಪಾಯಿತು. ಒಳಗೆ ಹೋಗಿ ಒಂದು ಚೆಂಬು ಬಿಸಿ ಗಂಜಿ ತಂದು ವ್ಯಾಪಾರಿಯ ಮುಂದಿಟ್ಟಳು. ಹೆಣೆದವಳು ತಾನೇ ಎಂದು ಅವನಿಗೆ ಹೇಳಲಿಲ್ಲ. ಅವನು ಹೋದ ಮೇಲೆ ಊರಿಗೆಲ್ಲ ಹೇಳಿದಳು.

ಅಲ್ಲಿಂದ ಮುಂದೆ ಕಲ್ಲಿನ ಕೋಣೆಯಲ್ಲಿ ಒಂದು ಹಗ್ಗ ಕಟ್ಟಿದರು. ಹೆಂಗಸರು ಹೆಣೆದದ್ದೆಲ್ಲ ಅದರ ಮೇಲೆ ನೇತಾಡುತ್ತಿತ್ತು. ಕಾಲು ತಣ್ಣಗಾದವರು ಯಾರೇ ಬಂದರೂ ಒಂದು ಜೊತೆ ಹಾಕಿಕೊಂಡು ಇಳಿಯಬಹುದು. ಈಗ ಹೆಂಗಸರು ಅಂಗಳದಲ್ಲಿ ನಿಂತು ಕಾವಲುಗಾರನ ಕಾಲು ನೋಡುವುದನ್ನು ಬಿಟ್ಟು ದಾರಿಹೋಕರ ಕಾಲು ನೋಡತೊಡಗಿದರು. ಗುರುತಿಲ್ಲದ ಕಾಲಿನಲ್ಲಿ ತಮ್ಮ ಬಣ್ಣ ಕಂಡ ದಿನ ಒಳಗೆ ಕರೆದು ಊಟ ಹಾಕುತ್ತಿದ್ದರು.

ಮುಂದಿನ ವರ್ಷ ಜೋಡಿನವನು ಬಂದಾಗ ಕಾವಲುಗಾರ ಸಂಜೆ ಹೋದ. ದಿನವೆಲ್ಲ ನಿಂತು ಊದಿದ ಕಾಲಿಗೆ ಒಂದು ಕಾಲುಚೀಲ ಹಾಕಿಕೊಂಡು ಹೋದ. ಹಾಕಿ ನೋಡಿ, ಬೆರಳು ಆಡಿಸಿ, ಸುಮ್ಮನೆ ತಲೆಯಾಡಿಸಿದ. ಜೋಡಿನವನೂ ಹಳೆಯ ಮಾತು ಎತ್ತಲಿಲ್ಲ. ಒಳ್ಳೆಯ ವ್ಯಾಪಾರಿ.

ಆಮೇಲೆ ಅವನು ದಿನಕ್ಕೊಂದು ಮನೆಯ ಜೊತೆ ಹಾಕಿಕೊಂಡು ಬೆಟ್ಟ ಹತ್ತುತ್ತಿದ್ದ. ಮಧ್ಯಾಹ್ನ ಅದು ಬೆವರಿನಿಂದ ನೆನೆದರೆ ಬಿಚ್ಚಿ ಒಣಗಲು ಹಾಕಿ, ಇನ್ನೊಂದು ಮನೆಯದನ್ನು ಹಾಕಿಕೊಳ್ಳುತ್ತಿದ್ದ. ಹಿಮದ ಮೇಲೆ ನಿಂತು ಬೆರಳು ಆಡಿಸಿದಾಗಲೆಲ್ಲ ಆ ಮನೆಯ ನೆನಪಾಗುತ್ತಿತ್ತು. ಅವರ ಒಲೆ, ಅವರು ಕುಡಿಸಿದ ಗಂಜಿ, ಅವರ ಕೂಸಿನ ನಗು, ಎಲ್ಲ ಕಣ್ಣಮುಂದೆ ಬರುತ್ತಿತ್ತು. ಎಲ್ಲರದನ್ನೂ ಒಟ್ಟಿಗೆ ಹಾಕಿಕೊಂಡಿದ್ದಾಗ ಅವನಿಗೆ ಯಾರ ನೆನಪೂ ಬರುತ್ತಿರಲಿಲ್ಲ. ಜೋಡು ಕಚ್ಚುವುದೊಂದೇ ತಿಳಿಯುತ್ತಿತ್ತು. ಈಗ ಅವನು ಒಬ್ಬೊಬ್ಬರನ್ನಾಗಿ ನೆನೆದ. ಆ ನೆನಪಿನಲ್ಲೇ ಅವನ ದಿನ ಹೋಗುತ್ತಿತ್ತು. ಅಷ್ಟು ಚಳಿಯಲ್ಲಿ ಅಷ್ಟು ಸುಖವಾಗಿ ಇದ್ದವರು ಆ ಸೀಮೆಯಲ್ಲಿ ಮತ್ತೊಬ್ಬರಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಾಂತವೀರನ ಕಣ್ಣು ಒದ್ದೆಯಾಗಿತ್ತು. ಅವನು ಗುರುಗಳ ಪಾದವನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡ.

“ಅವನು ದೊಡ್ಡವನು, ಗುರುಗಳೇ. ತನ್ನನ್ನು ಬದುಕಿಸಿದವರಿಗೆ ಕೊನೆಗೂ ಸಲ್ಲಿಸಿದ. ನಾನು ನಿಮಗೆ ಏನು ಸಲ್ಲಿಸಲಿ, ಅದನ್ನು ಹೇಳಿ.”

ಹೊರಗಿನಿಂದ ಮತ್ತೆ ಕೆಮ್ಮು ಕೇಳಿಸಿತು. ಗುರುಗಳು ಮೆಲ್ಲನೆ ತಮ್ಮ ಕಾಲನ್ನು ಅವನ ಕೈಯಿಂದ ಬಿಡಿಸಿಕೊಂಡು ಕಂಬಳಿಯೊಳಗೆ ಎಳೆದುಕೊಂಡರು. ಎಣ್ಣೆಯ ಬಟ್ಟಲನ್ನೂ ಬಿಸಿನೀರಿನ ತಂಬಿಗೆಯನ್ನೂ ಅವನ ಕಡೆಗೆ ಸರಿಸಿದರು.

“ನನ್ನ ಕಾಲು ಬೆಚ್ಚಗಾಗಿ ಬಹಳ ಹೊತ್ತಾಯಿತು ಶಾಂತವೀರ, ಜಗುಲಿಯ ಮೇಲೆ ಕೂತವನ ಕಾಲು ನೋಡಿದೆಯಾ?”

ಶಾಂತವೀರ ಬಟ್ಟಲನ್ನೂ ತಂಬಿಗೆಯನ್ನೂ ಎತ್ತಿಕೊಂಡು ಜಗುಲಿಯ ಬಾಗಿಲು ತೆಗೆದ.